ಮೂರು ಚಿತ್ರ, ಎರಡು ದಿನ, ಒಬ್ಬ ಗೆಳೆಯ



"ಶನಿವಾರ ನಮ್ಮನೆಗೆ ಬಂದ್ಬಿಡೋ, ಎರಡು ದಿನ ಕೂತು ಪಿಕ್ಚರ್ ನೋಡೋಣ." ನಿಮ್ಮ ಮನೆಯ ಹುಡುಗರು ತಮ್ಮ ಗೆಳೆಯರಿಗೆ ಫೋನಿನಲ್ಲಿ ಹೀಗೆ ಹೇಳುವುದನ್ನು ನೀವು ಕೇಳಿರಬಹುದು. ಈ ಕಾರ್ಯಕ್ರಮಕ್ಕೆ ಅವರು ಇಟ್ಟಿರುವ ಹೆಸರು 'ಮೂವಿ ಮ್ಯಾರಥಾನ್'. ಮ್ಯಾರಥಾನ್ ಎಂದರೆ 42 ಕಿಲೋಮೀಟರಿಗೂ ಮೀರಿದ ಓಟ. ಇಲ್ಲಿ ಓಡುವುದು ಕಾಲುಗಳಲ್ಲ, ಕಣ್ಣುಗಳು. ಒಂದು ಚಿತ್ರ ಮುಗಿಯಿತೋ ಇಲ್ಲವೋ, ಇನ್ನೊಂದು ಶುರು.

ಇದನ್ನು ಕೇಳಿದ ಕೂಡಲೇ ಕೆಲವು ತಂದೆ ತಾಯಂದಿರು ಸಿಡಿಮಿಡಿಗೊಳ್ಳುತ್ತಾರೆ. "ಓದುವುದು ಬರೆಯುವುದು ಬಿಟ್ಟು ಇದೇನು ಗೀಳು?" ಎಂದು ಗದರುತ್ತಾರೆ. ಇನ್ನು ಕೆಲವರು, "ಹೊರಗೆ ಎಲ್ಲೆಲ್ಲೋ ಅಲೆಯುವುದಕ್ಕಿಂತ ಮನೆಯಲ್ಲೇ ಕಣ್ಣೆದುರಿಗೆ ಇರುತ್ತಾರಲ್ಲ, ಸಾಕು" ಎಂದು ಸುಮ್ಮನಾಗುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಇಬ್ಬರೂ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಮನೆಗೆ ಬಂದಿರುವ ಆ ಗೆಳೆಯನ ಗತಿ ಏನು? ಎರಡು ದಿನ ನಿಮ್ಮ ಸೂರಿನಡಿ ಇದ್ದು, ನಿಮ್ಮ ಅನ್ನ ಉಂಡು, ಭಾನುವಾರ ಸಂಜೆ ಅವನು ಬಸ್ಸು ಹತ್ತುವಾಗ ಏನನ್ನು ಹೊತ್ತುಕೊಂಡು ಹೋಗುತ್ತಾನೆ? ಈ ವಾರ ನಾವು ಅಧ್ಯಯನ ಮಾಡಬೇಕಾದ ವಿಷಯ ಇದೇ.

ಇದು ಹೊಸ ಗೀಳೇನಲ್ಲ

ಮೊದಲು ಹಿರಿಯರಾದ ನಮ್ಮನ್ನೇ ಒಂದಿಷ್ಟು ನೆನಪಿಸಿಕೊಳ್ಳೋಣ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ಹೊತ್ತಿಗೆ ನಮ್ಮ ದೇಶದಲ್ಲಿ ಬಣ್ಣದ ಟಿ.ವಿ. ಪ್ರಸಾರ ಆರಂಭವಾಯಿತು. ಅದರ ಬೆನ್ನಲ್ಲೇ ವಿ.ಸಿ.ಆರ್. ಬಂತು. ಅದನ್ನು ಕೊಂಡುಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಹಬ್ಬಕ್ಕೋ, ಮದುವೆಯ ಮರುದಿನಕ್ಕೋ, ಪರೀಕ್ಷೆ ಮುಗಿದ ಶನಿವಾರಕ್ಕೋ ಬೀದಿಯವರೆಲ್ಲ ಚಂದಾ ಹಾಕಿ ಟಿ.ವಿ., ವಿ.ಸಿ.ಆರ್. ಮತ್ತು ಮೂರು ನಾಲ್ಕು ಕ್ಯಾಸೆಟ್ಟುಗಳನ್ನು ಒಂದು ರಾತ್ರಿಯ ಬಾಡಿಗೆಗೆ ತರುತ್ತಿದ್ದರು. ಬೆಳಗ್ಗೆ ವಾಪಸು ಕೊಡಬೇಕಾದ್ದರಿಂದ ರಾತ್ರಿಯಿಡೀ ನೋಡಲೇಬೇಕು. ಚಾಪೆ ಹಾಸಿ, ಮಕ್ಕಳನ್ನು ಮುಂದೆ ಕೂರಿಸಿ, ಕೊನೆಯ ಚಿತ್ರ ಮುಗಿಯುವಷ್ಟರಲ್ಲಿ ಕೋಳಿ ಕೂಗುತ್ತಿತ್ತು. ಹಾಗಾಗಿ ಇಂದಿನ ಹುಡುಗರ ಮ್ಯಾರಥಾನನ್ನು ನಾವು ಮೂಗು ಮುರಿದು ನೋಡಬೇಕಾಗಿಲ್ಲ.

ಆದರೆ ಅಂದಿಗೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂದು ಒಂದು ಕ್ಯಾಸೆಟ್ ಮುಗಿದರೆ ಅದನ್ನು ಹಿಂದಕ್ಕೆ ಸುತ್ತಬೇಕಿತ್ತು. ಅದಕ್ಕೆ ಕೆಲವು ನಿಮಿಷ ಹಿಡಿಯುತ್ತಿತ್ತು. ಕೆಲವೊಮ್ಮೆ ಹೆಡ್ಡಿಗೆ ಧೂಳು ಹಿಡಿದು ಚಿತ್ರ ನಡುಗಿದರೆ ಬಟ್ಟೆಯಿಂದ ಒರೆಸಬೇಕಿತ್ತು. ಕರೆಂಟು ಹೋದರಂತೂ ಮುಗಿದೇ ಹೋಯಿತು. ಆ ಹೊತ್ತಿನಲ್ಲಿ ಏನಾಗುತ್ತಿತ್ತು? ಟೀ ಬರುತ್ತಿತ್ತು. "ಆ ಅಣ್ಣ ಹಾಗೆ ಮಾಡಬಾರದಿತ್ತು" ಎಂದು ಒಬ್ಬರು ಅನ್ನುತ್ತಿದ್ದರು. "ನಮ್ಮ ದೊಡ್ಡಪ್ಪನೂ ಹಾಗೇ ಮಾಡಿದ್ದು" ಎಂದು ಇನ್ನೊಬ್ಬರು ಅನ್ನುತ್ತಿದ್ದರು. ಚಿತ್ರದ ಕಥೆ ಮೆಲ್ಲನೆ ಮನೆಯ ಕಥೆಯಾಗುತ್ತಿತ್ತು. ಯಾರೂ ಯೋಜಿಸದೆ ಯಂತ್ರವೇ ನಮಗೆ ಬಿಡುವು ಕೊಡುತ್ತಿತ್ತು.

ಇಂದಿನ ಯಂತ್ರ ಬಿಡುವು ಕೊಡುವುದಿಲ್ಲ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು. ಅಂಥ ಇನ್ನೂ ಹಲವು ಇಂದು ಮನೆ ಮನೆಯಲ್ಲಿವೆ. ಧಾರಾವಾಹಿಯ ಒಂದು ಕಂತು ಮುಗಿಯುತ್ತಿದ್ದಂತೆ ಮುಂದಿನದು ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಆರಂಭವಾಗುತ್ತದೆ. ಚಿತ್ರ ಮುಗಿದರೆ ಇನ್ನೊಂದನ್ನು ಕಣ್ಣ ಮುಂದೆ ತಂದಿಡುತ್ತದೆ. ತಮ್ಮ ಸಂಸ್ಥೆ ಪೈಪೋಟಿ ನಡೆಸುತ್ತಿರುವುದು ಜನರ ನಿದ್ದೆಯ ಜೊತೆಗೆ ಎಂಬರ್ಥದ ಮಾತನ್ನು ಅದರ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಅವರೇ 2017ರಲ್ಲಿ ಆಡಿದ್ದರು. ಇದರಲ್ಲಿ ಗುಟ್ಟೇನೂ ಇಲ್ಲ. ನೀವು ಎದ್ದು ಹೋಗದಂತೆ ನೋಡಿಕೊಳ್ಳುವುದೇ ಆ ವ್ಯಾಪಾರದ ಮರ್ಮ. ಆದ್ದರಿಂದ ಅಂದು ಕ್ಯಾಸೆಟ್ಟು ಕೊಡುತ್ತಿದ್ದ ಬಿಡುವನ್ನು ಇಂದು ನಾವೇ ಮಾಡಿಕೊಳ್ಳಬೇಕಾಗಿದೆ. ತಾನಾಗಿ ಮುಂದುವರಿಯುವ ಈ ಏರ್ಪಾಡನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿಡಬಹುದು. ಇಂದೇ ಆ ಕೆಲಸ ಮಾಡಿ.

ಧರ್ಮಸಭೆ ಏನು ಹೇಳಿದೆ?

"ಸಿನಿಮಾ ಎಂದರೆ ಧರ್ಮಸಭೆಗೆ ಆಗದು" ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಇದು ಪೂರ್ತಿ ಸರಿಯಲ್ಲ. 1936ರಲ್ಲಿ ಹನ್ನೊಂದನೆಯ ಭಕ್ತಿನಾಥರು, ಅಂದರೆ ಪೋಪ್ ಹನ್ನೊಂದನೆಯ ಪಯಸ್, 'ವಿಜಿಲಾಂತಿ ಕುರಾ' ಎಂಬ ವಿಶ್ವಪರಿಪತ್ರವನ್ನು ಚಲನಚಿತ್ರಗಳ ಬಗ್ಗೆಯೇ ಬರೆದರು. ಕೆಟ್ಟ ಚಿತ್ರಗಳ ಬಗ್ಗೆ ಅದರಲ್ಲಿ ಕಟುವಾದ ಎಚ್ಚರಿಕೆಯಿದೆ. ಆದರೆ ಒಳ್ಳೆಯ ಚಿತ್ರ ಮನುಷ್ಯನನ್ನು ಮೇಲೆತ್ತಬಲ್ಲದು ಎಂಬುದನ್ನೂ ಅವರು ಒಪ್ಪಿದ್ದಾರೆ. 1957ರಲ್ಲಿ ಹನ್ನೆರಡನೆಯ ಪಯಸ್ ಅವರು 'ಮಿರಾಂದಾ ಪ್ರೋರ್ಸುಸ್' ಎಂಬ ಪತ್ರದಲ್ಲಿ ಸಿನಿಮಾ, ರೇಡಿಯೋ ಮತ್ತು ಟಿ.ವಿ. ಮೂರನ್ನೂ ಒಟ್ಟಿಗೆ ತೆಗೆದುಕೊಂಡು, ನೋಡುಗರಿಗೆ ಸರಿಯಾದ ತಿಳುವಳಿಕೆ ಕೊಡಬೇಕೆಂದು ಒತ್ತಿ ಹೇಳಿದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಬಗ್ಗೆ ಒಂದು ಆದೇಶವನ್ನೇ ಹೊರಡಿಸಿತು.

1995ರಲ್ಲಿ ಚಲನಚಿತ್ರಕ್ಕೆ ನೂರು ವರ್ಷ ತುಂಬಿತು. ಆಗ ವ್ಯಾಟಿಕನ್ನಿನ ಸಾಮಾಜಿಕ ಸಂಪರ್ಕ ಪರಿಷತ್ತು 45 ಚಿತ್ರಗಳ ಒಂದು ಪಟ್ಟಿಯನ್ನು ಪ್ರಕಟಿಸಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ ತಲಾ 15 ಚಿತ್ರಗಳು. ಅದರಲ್ಲಿ 'ಬೆನ್‌ಹರ್' ಇದೆ, 'ಗಾಂಧಿ' ಇದೆ, ಚಾರ್ಲಿ ಚಾಪ್ಲಿನ್ನರ 'ಮಾಡರ್ನ್ ಟೈಮ್ಸ್' ಕೂಡ ಇದೆ. ಮಾರ್ಕ್ಸ್‌ವಾದಿಯಾಗಿದ್ದ ಪಸೋಲಿನಿ ಅವರು 1964ರಲ್ಲಿ ಸಂತ ಮತ್ತಾಯರ ಶುಭಸಂದೇಶವನ್ನು ಆಧರಿಸಿ ಮಾಡಿದ ಚಿತ್ರವೂ ಆ ಪಟ್ಟಿಯಲ್ಲಿದೆ. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು: ಚಿತ್ರದಲ್ಲಿ ದೇವಾಲಯ, ಶಿಲುಬೆ ಇದ್ದರೆ ಮಾತ್ರ ಒಳ್ಳೆಯ ಚಿತ್ರ ಎಂದಲ್ಲ. ಮನುಷ್ಯನನ್ನು ಮನುಷ್ಯನಾಗಿ ತೋರಿಸುವ ಚಿತ್ರವೂ ಒಳ್ಳೆಯ ಚಿತ್ರವೇ.

ಗೆಳೆಯ ಏಕೆ ಬಂದಿದ್ದಾನೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಿ. ಆರು ತಿಂಗಳಿಂದ ಕೆಲಸವಿಲ್ಲ. ಮನೆಯಲ್ಲಿ ಹೇಳಿಲ್ಲ. ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೊರಡುತ್ತಾನೆ, ಸಂಜೆ ಬರುತ್ತಾನೆ. ಅವನು ತನ್ನ ಬಾಲ್ಯದ ಗೆಳೆಯನಿಗೆ ಫೋನ್ ಮಾಡಿ, "ನನಗೆ ಭಯವಾಗುತ್ತಿದೆ ಕಣೋ, ನಿನ್ನ ಜೊತೆ ಮಾತಾಡಬೇಕು" ಎಂದು ಹೇಳುತ್ತಾನೆಯೇ? ಸಾಮಾನ್ಯವಾಗಿ ಹೇಳುವುದಿಲ್ಲ. "ಈ ವಾರ ಫ್ರೀ ಇದ್ದೀಯಾ? ಯಾವುದಾದರೂ ಪಿಕ್ಚರ್ ಹಾಕೋಣ" ಎನ್ನುತ್ತಾನೆ. ಮದುವೆ ಮುರಿದ ಹೆಣ್ಣುಮಗಳು ತನ್ನ ಗೆಳತಿಗೆ ಹೇಳುವುದೂ ಇದನ್ನೇ. ಹೆಂಡತಿಯನ್ನು ಕಳೆದುಕೊಂಡ ಹಿರಿಯರೊಬ್ಬರು ನೆರೆಮನೆಗೆ ಬಂದು, "ಟಿ.ವಿ.ಯಲ್ಲಿ ಇವತ್ತು ರಾಜಕುಮಾರ್ ಪಿಕ್ಚರ್ ಇದೆಯಂತಲ್ಲ" ಎನ್ನುವುದರ ಅರ್ಥವೂ ಇದೇ. ಚಿತ್ರ ಒಂದು ನೆಪ. ನೆಪ ತಪ್ಪಲ್ಲ. ಎದುರೆದುರು ಕೂತು ಹೇಳಲಾಗದ್ದನ್ನು ಮನುಷ್ಯ ಪಕ್ಕಪಕ್ಕ ಕೂತಾಗ ಹೇಳುತ್ತಾನೆ.

ಪವಿತ್ರ ಗ್ರಂಥದಲ್ಲಿ ಯೋಬನ ಗೆಳೆಯರನ್ನು ನೆನೆಯಿರಿ. ಅವನ ಕಷ್ಟದ ಸುದ್ದಿ ಕೇಳಿ ಮೂವರು ಗೆಳೆಯರು ದೂರದ ಊರುಗಳಿಂದ ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು. ಒಂದು ಮಾತನ್ನೂ ಆಡಲಿಲ್ಲ. ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಆಮೇಲೆ ಬಾಯಿ ತೆರೆದು ಉಪದೇಶ ಶುರುಮಾಡಿದಾಗಲೇ ಅವರು ಎಡವಿದ್ದು. ಹಾಗಾಗಿ ಸುಮ್ಮನೆ ಜೊತೆಗೆ ಕೂರುವುದನ್ನು ಹಗುರವಾಗಿ ಕಾಣಬೇಡಿ. ಕತ್ತಲಾದ ಕೋಣೆಯಲ್ಲಿ ಗೆಳೆಯನ ಪಕ್ಕ ಕೂತು ಎರಡು ಗಂಟೆ ಒಂದೇ ಕಡೆ ನೋಡುವುದೂ ಪ್ರೀತಿಯ ಒಂದು ರೂಪವೇ.

ಆದರೆ ಗಮನಿಸಿ. ಯೋಬನ ಗೆಳೆಯರು ಮೌನವಾಗಿದ್ದರು. ಕೊನೆಗೆ ಮೊದಲು ಮಾತಾಡಿದವನು ಯೋಬನೇ. ಅವನು ಬಾಯಿ ತೆರೆಯಲು ಅಲ್ಲಿ ಜಾಗವಿತ್ತು. ನಮ್ಮ ಮ್ಯಾರಥಾನಿನಲ್ಲಿ ಆ ಜಾಗವೇ ಇರುವುದಿಲ್ಲ. ಒಂದು ಚಿತ್ರದ ಬಾಲಕ್ಕೆ ಇನ್ನೊಂದು ಚಿತ್ರದ ತಲೆ ಅಂಟಿಕೊಂಡಿರುತ್ತದೆ. ಆ ಯುವಕ ಹೇಳಬೇಕೆಂದು ಬಂದ ಮಾತನ್ನು ನಾಲಿಗೆಯ ತುದಿಗೆ ತರುವಷ್ಟರಲ್ಲಿ ಹೊಸ ಚಿತ್ರದ ಸಂಗೀತ ಮೊಳಗುತ್ತದೆ. ಐದು ಚಿತ್ರ ನೋಡಿ, "ಸಖತ್ತಾಗಿತ್ತು ಕಣೋ" ಎಂದು ಹೇಳಿ, ಬಂದ ಭಾರವನ್ನೇ ಹೊತ್ತುಕೊಂಡು ಅವನು ಹಿಂದಿರುಗುತ್ತಾನೆ. ನೀವು ಅವನಿಗೆ ಯಾವ ಕೇಡೂ ಮಾಡಿಲ್ಲ. ಆದರೆ ಅವನು ನಿಮ್ಮ ಬಾಗಿಲು ತಟ್ಟಿದ್ದು ನಿಮಗೆ ಕೇಳಿಸಲಿಲ್ಲ, ಅಷ್ಟೇ.

ಲೆಕ್ಕ ಹಾಕಿ ನೋಡಿ

ಐದು ಚಿತ್ರ, ಒಂದೊಂದಕ್ಕೆ ಎರಡೂವರೆ ಗಂಟೆ ಎಂದರೆ ಹನ್ನೆರಡೂವರೆ ಗಂಟೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಕೂತರೆ ನಡುವೆ ಒಂದು ನಿಮಿಷವೂ ಏಳದಿದ್ದರೂ ಮುಗಿಯುವುದು ಬೆಳಗಿನ ಜಾವ ಮೂರೂವರೆಗೆ. ಭಾನುವಾರದ ದಿವ್ಯ ಬಲಿಪೂಜೆಯಲ್ಲಿ ತೂಕಡಿಕೆ, ಮಧ್ಯಾಹ್ನವೆಲ್ಲ ನಿದ್ದೆ, ಸಂಜೆ ತಲೆನೋವು. ಗೆಳೆಯನೊಂದಿಗೆ ಕಳೆದದ್ದು ಎಷ್ಟು ಹೊತ್ತು? ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಇನ್ನೊಂದು ಲೆಕ್ಕ. ಎರಡು ದಿನಕ್ಕೆ ಮೂರೇ ಚಿತ್ರ. ಶನಿವಾರ ಮಧ್ಯಾಹ್ನ ಒಂದು. ರಾತ್ರಿ ಊಟ, ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಚಿಕ್ಕದೊಂದು. ಹನ್ನೊಂದು ಗಂಟೆಗೆ ಮಲಗುವುದು. ಬೆಳಗ್ಗೆ ಗೆಳೆಯನೊಂದಿಗೆ ಪೂಜೆಗೆ. ಅವನು ಬೇರೆ ಧರ್ಮದವನಾಗಿದ್ದರೆ ಅವನನ್ನು ಒತ್ತಾಯಿಸದೆ ನೀವು ಹೋಗಿಬನ್ನಿ. ಮಧ್ಯಾಹ್ನ ಮೂರನೆಯ ಚಿತ್ರ. ಒಟ್ಟು ಆರು ಗಂಟೆ. ಉಳಿದ ಹೊತ್ತೆಲ್ಲ ನಿಮ್ಮಿಬ್ಬರದು.

ಮೂರು ಚಿತ್ರಗಳ ಒಂದು ಮಾದರಿ

ಯಾವ ಮೂರು? ನಿಮ್ಮ ರುಚಿಗೆ ತಕ್ಕಂತೆ ಆರಿಸಿ. ಒಂದು ಮಾದರಿಯನ್ನು ಮಾತ್ರ ಇಲ್ಲಿ ಕೊಡುತ್ತೇವೆ. ಚಿತ್ರಗಳನ್ನು ಇನ್ನೂ ನೋಡದವರು ಗಮನಿಸಬೇಕು: ಮೂರರ ಕೊನೆಯನ್ನೂ ಇಲ್ಲಿ ಹೇಳಲಾಗಿದೆ.

ಮೊದಲನೆಯದು 'ಬಂಗಾರದ ಮನುಷ್ಯ'. 1972ರ ಚಿತ್ರ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ಡಾ. ರಾಜಕುಮಾರ್ ಅವರ ಅಭಿನಯ. ಸುಮಾರು ಮೂರು ಗಂಟೆ. ಅಕ್ಕನ ಗಂಡ ತೀರಿಕೊಂಡಾಗ ಆ ಸಂಸಾರದ ನೊಗಕ್ಕೆ ಹೆಗಲು ಕೊಡುವ ರಾಜೀವ, ಬಂಜರು ನೆಲವನ್ನು ಹೊನ್ನಾಗಿಸುತ್ತಾನೆ. ಕೊನೆಗೆ ತಾನು ಸಾಕಿ ಬೆಳೆಸಿದ ಅಕ್ಕನ ಮಗನೇ ಅನುಮಾನಿಸಿ ಹೀಯಾಳಿಸಿದಾಗ ಎದುರು ಮಾತಾಡದೆ ಎಲ್ಲವನ್ನೂ ಬಿಟ್ಟು ಹೊರಟುಬಿಡುತ್ತಾನೆ. ಕಾಲೇಜು ಕಲಿತ ಹುಡುಗರೂ ಈ ಚಿತ್ರ ನೋಡಿ ಬೇಸಾಯಕ್ಕೆ ಹಿಂದಿರುಗಿದರು ಎಂದು ನಮ್ಮ ನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಇದನ್ನು ನೋಡಿದ ಮೇಲೆ ಮಾತಾಡಲು ಬೇಕಾದಷ್ಟಿದೆ. ರಾಜೀವ ಮೌನವಾಗಿ ಹೊರಟದ್ದು ಸರಿಯೇ? ಮನೆಗಾಗಿ ದುಡಿದವರಿಗೆ ಮನೆಯವರು ಎಂದಾದರೂ ಒಂದು ಒಳ್ಳೆಯ ಮಾತು ಹೇಳಿದ್ದಾರೆಯೇ? ನಿಮ್ಮ ಗೆಳೆಯ ತನ್ನ ಮನೆಯ ಹಿರಿಯ ಮಗನಾಗಿದ್ದರೆ ಈ ಪ್ರಶ್ನೆ ಅವನಿಗೆ ಎಲ್ಲಿ ತಾಗುತ್ತದೆ ಎಂದು ನೋಡಿ.

ಎರಡನೆಯದು 'ಬೈಸಿಕಲ್ ಥೀವ್ಸ್'. ವಿತ್ತೋರಿಯೋ ದೆ ಸೀಕಾ ಅವರ 1948ರ ಇಟಲಿಯ ಚಿತ್ರ. ಒಂದೂವರೆ ಗಂಟೆ. ವ್ಯಾಟಿಕನ್ ಪಟ್ಟಿಯ 'ಮೌಲ್ಯ' ವಿಭಾಗದಲ್ಲಿ ಇದೂ ಇದೆ. ಯುದ್ಧ ಮುಗಿದ ರೋಮಿನಲ್ಲಿ ಒಬ್ಬ ಬಡವನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ ಇರಲೇಬೇಕು. ಹೆಂಡತಿ ಮನೆಯ ಹೊದಿಕೆಗಳನ್ನು ಗಿರವಿ ಇಟ್ಟು ಸೈಕಲ್ ಬಿಡಿಸಿ ಕೊಡುತ್ತಾಳೆ. ಮೊದಲ ದಿನವೇ ಅದು ಕಳವಾಗುತ್ತದೆ. ಭಾನುವಾರವಿಡೀ ಅವನು ಪುಟ್ಟ ಮಗನ ಕೈ ಹಿಡಿದು ಊರೆಲ್ಲ ಹುಡುಕುತ್ತಾನೆ. ಕೊನೆಗೆ ದಾರಿ ಕಾಣದೆ ತಾನೇ ಇನ್ನೊಬ್ಬರ ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಮಗ ಎಲ್ಲವನ್ನೂ ನೋಡುತ್ತಾನೆ. ಆ ಹುಡುಗನ ಮುಖ ನೋಡಿ ಸೈಕಲ್ ಯಜಮಾನ ಅವನನ್ನು ಬಿಟ್ಟುಬಿಡುತ್ತಾನೆ. ಅಳುತ್ತ ನಡೆಯುವ ತಂದೆಯ ಕೈಯನ್ನು ಮಗ ಹಿಡಿದುಕೊಳ್ಳುತ್ತಾನೆ. ಅಷ್ಟೇ ಕಥೆ. ತಂದೆಯ ಪಾತ್ರ ಮಾಡಿದವರು ವೃತ್ತಿನಟರಲ್ಲ, ಕಾರ್ಖಾನೆಯ ಕೆಲಸಗಾರರು. 1950ರಲ್ಲಿ ಲಂಡನ್ನಿನಲ್ಲಿ ಈ ಚಿತ್ರವನ್ನು ನೋಡಿದ ಸತ್ಯಜಿತ್ ರಾಯ್ ಅವರು ತಾವೂ ಚಿತ್ರ ಮಾಡಬೇಕೆಂದು ನಿಶ್ಚಯಿಸಿದರು.

ಕೆಲಸ ಕಳೆದುಕೊಂಡವನ ಪಕ್ಕ ಕೂತು ಈ ಚಿತ್ರ ನೋಡುವಾಗ ನೀವು ಏನನ್ನೂ ಕೇಳಬೇಕಾಗಿಲ್ಲ. ಚಿತ್ರವೇ ಕೇಳಿರುತ್ತದೆ. ಮುಗಿದ ಮೇಲೆ ಲೈಟು ಹಾಕಲು ಅವಸರ ಮಾಡಬೇಡಿ.

ಮೂರನೆಯದು 'ಬಾಬೆಟ್ಸ್ ಫೀಸ್ಟ್', ಅಂದರೆ ಬಾಬೆಟ್ ಮಾಡಿದ ಔತಣ. ಡೆನ್ಮಾರ್ಕಿನ ಗೇಬ್ರಿಯೆಲ್ ಆಕ್ಸೆಲ್ ಅವರ 1987ರ ಚಿತ್ರ. ಒಂದು ಮುಕ್ಕಾಲು ಗಂಟೆ. ಸಮುದ್ರದ ಬದಿಯ ಹಳ್ಳಿಯೊಂದರಲ್ಲಿ ಲೂಥರನ್ ಬೋಧಕರೊಬ್ಬರ ಇಬ್ಬರು ಹೆಣ್ಣುಮಕ್ಕಳು, ಮದುವೆಯಾಗದೆ, ತಂದೆಯ ಸಣ್ಣ ಭಕ್ತವೃಂದವನ್ನು ನೋಡಿಕೊಂಡಿದ್ದಾರೆ. ಪ್ಯಾರಿಸಿನ ಗಲಭೆಯಿಂದ ತಪ್ಪಿಸಿಕೊಂಡು ಬಂದ ಬಾಬೆಟ್ ಅವರಿಗೆ ಅಡುಗೆಯವಳಾಗುತ್ತಾಳೆ. ವರ್ಷಗಳು ಕಳೆದ ಮೇಲೆ ಅವಳಿಗೆ ಲಾಟರಿಯಲ್ಲಿ ಹತ್ತು ಸಾವಿರ ಫ್ರಾಂಕ್ ಬರುತ್ತದೆ. ಅಷ್ಟನ್ನೂ ಅವಳು ಹನ್ನೆರಡು ಜನರ ಒಂದು ಊಟಕ್ಕೆ ಖರ್ಚು ಮಾಡಿಬಿಡುತ್ತಾಳೆ. ಹಳೆಯ ಸಿಟ್ಟು, ಹಳೆಯ ಮೋಸಗಳನ್ನು ಎತ್ತಿ ಜಗಳವಾಡುತ್ತಿದ್ದ ಆ ವೃದ್ಧರು ಊಟ ಮುಗಿಸಿ ಎದ್ದಾಗ ಒಬ್ಬರನ್ನೊಬ್ಬರು ಕ್ಷಮಿಸಿರುತ್ತಾರೆ. ಈ ಚಿತ್ರವೂ ವ್ಯಾಟಿಕನ್ ಪಟ್ಟಿಯಲ್ಲಿದೆ, 'ಧರ್ಮ' ವಿಭಾಗದಲ್ಲಿ. ಜಗದ್ಗುರು ಫ್ರಾನ್ಸಿಸ್ ಅವರು ಕುಟುಂಬದ ಪ್ರೀತಿಯ ಬಗ್ಗೆ 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆತೀಸಿಯಾ' ಎಂಬ ಬೋಧನೆಯಲ್ಲಿ ಈ ಚಿತ್ರವನ್ನು ಹೆಸರಿಸಿ, ಇನ್ನೊಬ್ಬರನ್ನು ಸಂತೋಷಪಡಿಸುವುದರಲ್ಲಿರುವ ಸಂತೋಷಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾರೆ.

ಒಂದು ಎಚ್ಚರಿಕೆಯ ಮಾತು. ಚಿತ್ರವನ್ನು ನ್ಯಾಯವಾದ ದಾರಿಯಲ್ಲೇ ತಂದು ನೋಡಿ. ಕಳ್ಳ ಪ್ರತಿಯನ್ನು ಮೊಬೈಲಿಗೆ ಇಳಿಸಿಕೊಳ್ಳುವುದು ಈಗ ಸುಲಭ. ಆದರೆ ಸುಲಭವಾದುದೆಲ್ಲ ನ್ಯಾಯವಲ್ಲ. ಸೈಕಲ್ ಕದ್ದವನ ಕಥೆಯನ್ನೇ ಕದ್ದು ನೋಡಿ ಕಣ್ಣೀರು ಹಾಕಿದರೆ ಅದಕ್ಕೆ ಏನರ್ಥ?

ಅಡುಗೆಮನೆಯಲ್ಲಿ ಯಾರಿದ್ದಾರೆ?

ಇನ್ನೊಂದು ವಿಷಯವನ್ನು ನಮ್ಮ ಮನೆಗಳಲ್ಲಿ ಯಾರೂ ಗಮನಿಸುವುದಿಲ್ಲ. ಹುಡುಗರಿಬ್ಬರು ಸೋಫಾದಲ್ಲಿ ಕಾಲು ಚಾಚಿ ಕೂತಿರುತ್ತಾರೆ. "ಅಮ್ಮಾ, ಸ್ವಲ್ಪ ಬಜ್ಜಿ" ಎಂದು ಒಂದು ಕೂಗು. "ಆಂಟಿ, ಕಾಫಿ ತುಂಬಾ ಚೆನ್ನಾಗಿದೆ" ಎಂದು ಇನ್ನೊಂದು ಕೂಗು. ಎರಡು ದಿನವೂ ಆ ತಾಯಿ ಎಣ್ಣೆಯ ಬಾಣಲೆಯ ಮುಂದೆ ನಿಂತಿರುತ್ತಾಳೆ. ಚಿತ್ರದ ಸದ್ದು ಮಾತ್ರ ಅವಳ ಪಾಲಿಗೆ. ತಾಯಿಯ ತ್ಯಾಗದ ಕಥೆ ನೋಡಿ ಹೊರಕೋಣೆಯಲ್ಲಿ ಮೂಗು ಒರೆಸಿಕೊಳ್ಳುವವರಿಗೆ ಒಳಕೋಣೆಯ ತಾಯಿ ಕಾಣುವುದಿಲ್ಲ.

ಇದಕ್ಕೆ ಪರಿಹಾರ ಸರಳ. ಮಂಡಕ್ಕಿಗೆ ಈರುಳ್ಳಿ, ಟೊಮೇಟೊ, ಖಾರದ ಪುಡಿ, ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಕಲಸಲು ಯಾವ ಹುಡುಗನಿಗೂ ಬರುತ್ತದೆ. ಬೇಯಿಸಿದ ಕಡಲೆಕಾಯಿಗೆ ಕುಕ್ಕರ್ ಇಟ್ಟರೆ ಸಾಕು. ಚಿತ್ರ ಹಾಕುವ ಮೊದಲು "ಅಮ್ಮಾ, ಬನ್ನಿ, ನಿಮ್ಮ ಜಾಗ ಇಲ್ಲಿ" ಎಂದು ಕರೆಯಿರಿ. ಮೂರನೆಯ ಚಿತ್ರ ನೋಡಿದ ಮೇಲೆ, ಅಂದರೆ ಬಾಬೆಟಳ ಔತಣ ನೋಡಿದ ಮೇಲೆ, ಗೆಳೆಯರಿಬ್ಬರೂ ಸೇರಿ ಭಾನುವಾರದ ಸಂಜೆಯ ಅಡುಗೆಯನ್ನು ತಾವೇ ಮಾಡಿ ಮನೆಯವರಿಗೆ ಬಡಿಸಲಿ. ಅನ್ನ ಸ್ವಲ್ಪ ಮುದ್ದೆಯಾದರೂ ಯಾರೂ ಬಯ್ಯುವುದಿಲ್ಲ. ಈರುಳ್ಳಿ ಹೆಚ್ಚುತ್ತ ನಿಂತಾಗ ಎಷ್ಟೋ ಮಾತು ತಾನಾಗಿ ಹೊರಬರುತ್ತದೆ. ಕಣ್ಣೀರು ಬಂದರೂ ಈರುಳ್ಳಿಯದೆಂದು ಹೇಳಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ವಿಚಾರವನ್ನೂ ಮರೆಯಬೇಡಿ. ಹಿಂದೆ ಚಿತ್ರಗಳಿಗೆ 'ಯು', 'ಯುಎ', 'ಎ' ಎಂಬ ಪ್ರಮಾಣಪತ್ರಗಳಿದ್ದವು. 2023ರ ತಿದ್ದುಪಡಿ ಕಾಯ್ದೆ ಬಂದ ಮೇಲೆ 'ಯುಎ'ಯನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರಾಗಿ ಬೇರ್ಪಡಿಸಲಾಗಿದೆ. ಮನೆಯ ಪರದೆಯ ಮೇಲೂ ಚಿತ್ರದ ಆರಂಭದಲ್ಲಿ ಇಂಥದೇ ಗುರುತು ಕಾಣುತ್ತದೆ. ಅದನ್ನು ಓದುವ ಅಭ್ಯಾಸವಿರಲಿ. ಅದೊಂದು ಸೂಚನೆ ಮಾತ್ರ. ನಿಮ್ಮ ಮಗುವಿನ ಮನಸ್ಸು ಎಷ್ಟು ತಡೆದುಕೊಳ್ಳುತ್ತದೆ ಎಂಬುದು ನಿಮಗೇ ಗೊತ್ತು.

ನೋಡು, ವಿಚಾರಿಸು, ನಡೆ

ನಮ್ಮ ಧರ್ಮಕೇಂದ್ರಗಳ ವಿದ್ಯಾರ್ಥಿ ಮತ್ತು ಯುವ ಸಂಘಟನೆಗಳಲ್ಲಿ ಬೆಳೆದವರಿಗೆ ಈ ಮೂರು ಮಾತು ಪರಿಚಿತ. ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡಿನ್ ಅವರು ದುಡಿಯುವ ಯುವಜನರಿಗಾಗಿ ಇದನ್ನು ರೂಪಿಸಿದರು. 1961ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರು 'ಮಾತೆರ್ ಎತ್ ಮಜಿಸ್ತ್ರಾ' ಪತ್ರದಲ್ಲಿ ಈ ಕ್ರಮವನ್ನು ಎಲ್ಲರಿಗೂ ಶಿಫಾರಸು ಮಾಡಿದರು. ಚಿತ್ರ ನೋಡುವುದಕ್ಕೂ ಇದು ಹೊಂದುತ್ತದೆ.

ನೋಡು: ಚಿತ್ರ ಮುಗಿದ ಕೂಡಲೇ "ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ" ಎಂಬ ತೀರ್ಪು ಬೇಡ. "ನಿನ್ನ ಮನಸ್ಸಿನಲ್ಲಿ ಉಳಿದದ್ದು ಯಾವ ದೃಶ್ಯ?" ಎಂದು ಕೇಳಿ. ಇಬ್ಬರ ಉತ್ತರ ಒಂದೇ ಆಗಿರುವುದು ಅಪರೂಪ. ಗೆಳೆಯನಿಗೆ ತಾಗಿದ ದೃಶ್ಯ ಅವನ ಮನಸ್ಸಿನ ಕಿಟಕಿ.

ವಿಚಾರಿಸು: "ಅವನು ಹಾಗೆ ಏಕೆ ಮಾಡಿದ? ಅವನ ಜಾಗದಲ್ಲಿ ನಾವಿದ್ದರೆ?" ಸೈಕಲ್ ಕಳೆದುಕೊಂಡವನಿಗೆ ಆ ಊರಿನಲ್ಲಿ ಯಾರು ಯಾರು ನೆರವಾಗಬಹುದಿತ್ತು, ಯಾರು ಆಗಲಿಲ್ಲ ಎಂದು ಎಣಿಸಿ ನೋಡಿ. ಇಲ್ಲಿ ನೀವು ಗುರುಗಳಾಗಬೇಡಿ. ಪ್ರಸಂಗ ಬೇಡ. ಯೋಬನ ಗೆಳೆಯರನ್ನು ನೆನಪಿಡಿ.

ನಡೆ: ಒಂದೇ ಒಂದು ಸಣ್ಣ ಕೆಲಸ. ಹೊಲಿಗೆಯಂತ್ರ ಕೆಟ್ಟು ಕೂತಿರುವ ತಾಯಿ, ಆಟೋ ಸಾಲ ಕಟ್ಟಲಾಗದ ತಂದೆ ನಿಮ್ಮ ಬೀದಿಯಲ್ಲೇ ಇರಬಹುದು. ಸಂತ ವಿನ್ಸೆಂಟ್ ದೆ ಪೌಲರ ಸಂಘ ನಿಮ್ಮ ಧರ್ಮಕೇಂದ್ರದಲ್ಲಿದ್ದರೆ ಅವರಿಗೆ ತಿಳಿಸಿ. ಅಥವಾ ಅದಕ್ಕಿಂತ ಹತ್ತಿರದ ಕೆಲಸ: ಬಹುದಿನದಿಂದ ಮಾತು ಬಿಟ್ಟಿರುವ ಅಣ್ಣನಿಗೆ ಒಂದು ಫೋನು.

ಪುನರುತ್ಥಾನದ ದಿನ ಎಮ್ಮಾವು ಎಂಬ ಊರಿನ ಕಡೆಗೆ ನಡೆದ ಇಬ್ಬರು ಶಿಷ್ಯರ ಕಥೆಯನ್ನು ಸಂತ ಲೂಕ ಬರೆದಿದ್ದಾರೆ. ತಾವು ಕಣ್ಣಾರೆ ಕಂಡದ್ದನ್ನೆಲ್ಲ ದಾರಿಯುದ್ದಕ್ಕೂ ಮಾತಾಡಿಕೊಳ್ಳುತ್ತಾ ಹೋಗುತ್ತಿದ್ದರು. ಪ್ರಭು ಅವರ ಜೊತೆಗೂಡಿ ಮೊದಲು ಮಾಡಿದ ಕೆಲಸ ಅವರೇನು ಮಾತಾಡಿಕೊಳ್ಳುತ್ತಿದ್ದಾರೆಂದು ಕೇಳಿದ್ದು. ಎಲ್ಲ ತಿಳಿದ ಪ್ರಭುವೇ ಕೇಳಿ, ಅವರು ಹೇಳಿ ಮುಗಿಸುವ ತನಕ ಕಾದರು. ಗೆಳೆತನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಶನಿವಾರ ಸಂಜೆ ಮೊದಲ ಚಿತ್ರ ಮುಗಿದ ಮೇಲೆ ಮನೆಯಲ್ಲೇ ಕೂರಬೇಡಿ. ಚಪ್ಪಲಿ ಮೆಟ್ಟಿ ಇಬ್ಬರೂ ಒಂದು ಸುತ್ತು ನಡೆದು ಬನ್ನಿ. ಮೊಬೈಲ್ ಮನೆಯಲ್ಲೇ ಇರಲಿ.

ಗೆಳೆಯ ಬಾಯಿ ಬಿಟ್ಟಾಗ

ಹೀಗೆ ಬಿಡುವು ಮಾಡಿಕೊಟ್ಟಾಗ ಕೆಲವೊಮ್ಮೆ ನೀವು ಎಣಿಸಿರದ ಮಾತು ಹೊರಬರಬಹುದು. "ನನಗೆ ಬದುಕೇ ಬೇಡವಾಗಿದೆ ಕಣೋ" ಎಂದು ಗೆಳೆಯ ಹೇಳಬಹುದು. ಅದನ್ನು ತಮಾಷೆಯಾಗಿ ತಳ್ಳಿಹಾಕಬೇಡಿ. "ಹಾಗೆಲ್ಲ ಹೇಳಬಾರದು, ಪಾಪ" ಎಂದು ಬಾಯಿ ಮುಚ್ಚಿಸಲೂಬೇಡಿ. ಮುಂದಿನ ಚಿತ್ರವನ್ನು ಬದಿಗಿಡಿ. ಅವನು ಹೇಳುವುದನ್ನು ಕೊನೆಯ ತನಕ ಕೇಳಿ. ಅವನನ್ನು ಒಂಟಿಯಾಗಿ ಬಿಡಬೇಡಿ. ಮನೆಯ ಹಿರಿಯರೊಬ್ಬರಿಗೆ ತಿಳಿಸಿ. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 2022ರಲ್ಲಿ ಆರಂಭವಾಗಿದೆ. ಅದರ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆ ಮುಖ್ಯ ಕೇಂದ್ರ. ಇಬ್ಬರೂ ಕೂತು ಆ ಕರೆ ಮಾಡಿ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ಮುರಿದ ಕಾಲಿಗೆ ಕಟ್ಟು ಹಾಕಿಸುವವರು ನೊಂದ ಮನಸ್ಸಿಗೂ ಔಷಧ ಕೊಡಿಸಬೇಕು.

ಪ್ರತಿ ಸಲವೂ ಇಂಥದೇ ಆಗುತ್ತದೆಂದು ಹೆದರಬೇಡಿ. ಬಹುತೇಕ ವಾರಾಂತ್ಯಗಳು ನಗುವಿನಲ್ಲೇ ಕಳೆಯುತ್ತವೆ. ನಗುವೂ ದೇವರ ವರವೇ. ಹಾಸ್ಯ ಚಿತ್ರ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕರೆ ಯಾವ ತಪ್ಪೂ ಇಲ್ಲ. ಬೇಕಾದದ್ದು ಇಷ್ಟೇ: ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಒಬ್ಬ ಮನುಷ್ಯ ಬಾಯಿ ತೆರೆಯುವಷ್ಟು ಜಾಗ. ಎಷ್ಟು ಚಿತ್ರ ನೋಡಿದಿರಿ ಎಂದು ನಾಳೆ ಯಾರೂ ಕೇಳುವುದಿಲ್ಲ. ಮೂರನೆಯ ಚಿತ್ರವನ್ನು ಅರ್ಧಕ್ಕೇ ನಿಲ್ಲಿಸಿ ಗೆಳೆಯನ ಮಾತು ಕೇಳಿದರೆ, ಆ ವಾರಾಂತ್ಯ ನಷ್ಟವಾಯಿತು ಎಂದುಕೊಳ್ಳಬೇಡಿ. ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಇನ್ನೊಂದು ಶನಿವಾರ ನೋಡಬಹುದು.

ಮನೆಯಲ್ಲಿ ಕೂಡಿ ಚಿಂತಿಸಲು

1. ಕಳೆದ ತಿಂಗಳು ನಮ್ಮ ಮನೆಯವರೆಲ್ಲ ಕೂಡಿ ನೋಡಿದ ಚಿತ್ರ ಯಾವುದು? ಅದರ ಬಗ್ಗೆ ನಾವು ಹತ್ತು ನಿಮಿಷವಾದರೂ ಮಾತಾಡಿದೆವೇ?

2. ನಮ್ಮ ಮಕ್ಕಳ ಗೆಳೆಯರು ಮನೆಗೆ ಬಂದಾಗ ನಾವು ಅವರನ್ನು ಹೆಸರು ಹಿಡಿದು ಮಾತಾಡಿಸುತ್ತೇವೆಯೇ? ಅವರ ಮನೆಯ ಕ್ಷೇಮ ವಿಚಾರಿಸುತ್ತೇವೆಯೇ?

3. ನಾವು ಕೂತು ನೋಡುವಾಗ ನಮ್ಮ ಮನೆಯಲ್ಲಿ ನಿಂತು ದುಡಿಯುವವರು ಯಾರು?

4. "ಪಿಕ್ಚರ್ ನೋಡೋಣ ಬಾ" ಎಂದು ನಾವು ಕರೆಯಬಹುದಾದ, ಬಹಳ ದಿನದಿಂದ ಒಂಟಿಯಾಗಿರುವ ಒಬ್ಬರು ನಮ್ಮ ಧರ್ಮಕೇಂದ್ರದಲ್ಲಿ ಯಾರಿದ್ದಾರೆ? ಬರುವ ಶನಿವಾರ ಅವರನ್ನು ಕರೆಯೋಣವೇ?